ಚಳಿಗಾಲದ ನೆರೆಯಲ್ಲಿ ಕೆನೆಟ್ ಜಲಮಾರ್ಗ: ದೋಣಿಯಲ್ಲಿ ಹೊರಡುವವರು ತಿಳಿದಿರಬೇಕಾದದ್ದು

ಇಂಗ್ಲೆಂಡಿನ ರೆಡಿಂಗ್ ಮತ್ತು ಅದರ ಸುತ್ತಮುತ್ತ ನೆಲೆಸಿರುವ ಕನ್ನಡಿಗ ಕುಟುಂಬಗಳಲ್ಲಿ, ಕ್ರಿಸ್‌ಮಸ್ ರಜೆ ಹತ್ತಿರವಾದಂತೆ ನ್ಯಾರೋಬೋಟ್ ಎಂಬ ಕಿರಿದಗಲದ ಉದ್ದ ದೋಣಿಯನ್ನು ಬಾಡಿಗೆಗೆ ಪಡೆದು ಕಾಲುವೆಯ ಮೇಲೆ ಕೆಲವು ದಿನ ಕಳೆಯುವ ಯೋಚನೆ ಏಳುವುದು ಸಹಜ. ಬೇಸಿಗೆಗಿಂತ ಬಾಡಿಗೆ ಕಡಿಮೆ, ದೋಣಿಯೊಳಗೆ ಸೌದೆ ಒಲೆಯ ಬಿಸುಪು ಇರುತ್ತದೆ, ನಡೆಸುವುದಕ್ಕೆ ಯಾವ ಪರೀಕ್ಷೆಯನ್ನೂ ಬರೆಯಬೇಕಾಗಿಲ್ಲ. ಊರಿನಿಂದ ಬಂದಿದ್ದ ಅತ್ತೆ-ಮಾವನವರನ್ನು ಕರೆದುಕೊಂಡು, ನ್ಯೂಬರಿಯ ಹತ್ತಿರದಿಂದ ರೆಡಿಂಗ್‌ವರೆಗೆ ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ ಬರಬೇಕೆಂದು ನಾವು ಹೊರಟದ್ದೂ ಇದೇ ಕಾರಣಗಳಿಂದ. ನಡುದಾರಿಯಲ್ಲಿ ನೀರು ಏರಿದ್ದರಿಂದ ದೋಣಿಯಲ್ಲಿ ರೆಡಿಂಗ್ ತಲುಪಲಾಗಲಿಲ್ಲ. ಆ ದಿನಗಳಲ್ಲಿ ನೋಡಿ ತಿಳಿದದ್ದನ್ನು, ಇದೇ ದಾರಿ ಹಿಡಿಯುವವರ ಉಪಯೋಗಕ್ಕೆಂದು ಬರೆಯುತ್ತಿದ್ದೇನೆ.

ಮೊದಲು ನಕ್ಷೆಯನ್ನು ಗಮನವಿಟ್ಟು ನೋಡಬೇಕು. ರೆಡಿಂಗ್‌ನಿಂದ ಬ್ರಿಸ್ಟಲ್‌ವರೆಗೆ 87 ಮೈಲಿ, ಅಂದರೆ ಸುಮಾರು 140 ಕಿಲೋಮೀಟರ್ ಉದ್ದವಿರುವ ಈ ಜಲಮಾರ್ಗ ಎಲ್ಲ ಕಡೆಯೂ ಒಂದೇ ತೆರನಾಗಿಲ್ಲ. ನ್ಯೂಬರಿ ಮತ್ತು ರೆಡಿಂಗ್ ನಡುವಿನ ಹದಿನೆಂಟೂವರೆ ಮೈಲಿಗಳ ಭಾಗ 1723ರಲ್ಲಿ ಸಂಚಾರಕ್ಕೆ ತೆರೆದುಕೊಂಡದ್ದು. ಜಾನ್ ಹೋರ್ ಎಂಬ ಎಂಜಿನಿಯರ್ ಕೆನೆಟ್ ನದಿಯ ಸುತ್ತುಬಳಸುಗಳನ್ನು ತಪ್ಪಿಸಲು ಅಲ್ಲಲ್ಲಿ ಹೊಸ ಕಾಲುವೆ ತೋಡಿಸಿ, ಉಳಿದ ಕಡೆ ನದಿಯನ್ನೇ ಬಳಸಿಕೊಂಡರು. ಹೀಗಾಗಿ ದೋಣಿ ಸ್ವಲ್ಪ ಹೊತ್ತು ನಿಂತ ನೀರಿನಲ್ಲಿ ಸಾಗಿ, ಒಂದು ತಿರುವು ಕಳೆದ ಕೂಡಲೇ ಹರಿಯುವ ನದಿಗೆ ಸೇರುತ್ತದೆ, ಮತ್ತೆ ಕಾಲುವೆಗೆ ಬರುತ್ತದೆ. ಬೇಸಿಗೆಯಲ್ಲಿ ಈ ವ್ಯತ್ಯಾಸ ಅರಿವಿಗೇ ಬರುವುದಿಲ್ಲ. ಚಳಿಗಾಲದಲ್ಲಿ ಮಾತ್ರ ಎಲ್ಲವೂ ಅದರ ಮೇಲೆಯೇ ನಿಂತಿದೆ.

ನಮ್ಮಲ್ಲಿ ಜುಲೈ, ಆಗಸ್ಟ್‌ನಲ್ಲಿ ಜಡಿಮಳೆಗೆ ಕೃಷ್ಣೆಯೋ ಕಾವೇರಿಯೋ ಉಕ್ಕುವುದನ್ನು ಕಂಡವರಿಗೆ, ಡಿಸೆಂಬರ್ ಚಳಿಯಲ್ಲಿ ನೆರೆ ಬರುವುದು ವಿಚಿತ್ರವಾಗಿ ತೋರಬಹುದು. ಇಂಗ್ಲೆಂಡಿನಲ್ಲಿ ಮಳೆ ವರ್ಷವಿಡೀ ಬರುತ್ತದೆ; ಆದರೆ ಚಳಿಗಾಲದಲ್ಲಿ ನೀರು ಆವಿಯಾಗುವುದು ತೀರಾ ಕಡಿಮೆ, ಎಲೆ ಉದುರಿಸಿದ ಮರಗಳು ನೀರು ಹೀರುವುದಿಲ್ಲ, ನೆನೆದ ನೆಲ ಇನ್ನಷ್ಟು ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಕೆನೆಟ್‌ಗೆ ಇನ್ನೊಂದು ಗುಣವೂ ಇದೆ. ಅದು ಸುಣ್ಣಕಲ್ಲಿನ ಗುಡ್ಡಗಳ ಒರತೆಗಳಿಂದ ಹುಟ್ಟುವ ನದಿ. ಮಳೆನೀರು ಸೀಮೆಸುಣ್ಣದಂತಹ ಬಿಳಿಯ ಕಲ್ಲಿನೊಳಗೆ ನಿಧಾನವಾಗಿ ಇಳಿದು, ಅಂತರ್ಜಲ ಏರಿದ ಮೇಲೆ ವಾರಗಟ್ಟಲೆ ನದಿಗೆ ಬರುತ್ತಲೇ ಇರುತ್ತದೆ. ಮಳೆ ನಿಂತು ಬಿಸಿಲು ಬಂದಿದೆ, ನಾಳೆ ನೀರು ಇಳಿಯುತ್ತದೆ ಎಂದು ಈ ಕಣಿವೆಯಲ್ಲಿ ಲೆಕ್ಕ ಹಾಕಬಾರದು. 1766ರಿಂದ ಇಟ್ಟಿರುವ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಳೆ ದಾಖಲೆಯಲ್ಲಿ ಅತಿ ಹೆಚ್ಚು ಮಳೆ ಸುರಿದ ಚಳಿಗಾಲವೆಂದರೆ 2013-14ರದು. ಆಗ ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ಪ್ರದೇಶಗಳಲ್ಲಿ ಮಳೆ ನಿಂತ ಮೇಲೂ ಬಹುಕಾಲ ನೆಲದಡಿಯಿಂದ ನೀರು ಉಕ್ಕುತ್ತಿತ್ತು.

ನದಿ ಸೇರುವ ಲಾಕ್‌ಗಳ (ನೀರು ತುಂಬಿಸಿ ಅಥವಾ ಬಿಟ್ಟು ದೋಣಿಯನ್ನು ಏರಿಸಿ ಇಳಿಸುವ ಬಾಗಿಲುಗಳಿರುವ ತೊಟ್ಟಿಗಳ) ಬಳಿ ಹಸಿರು, ಹಳದಿ, ಕೆಂಪು ಪಟ್ಟಿಗಳಿರುವ ಮಟ್ಟಸೂಚಕ ಹಲಗೆಗಳನ್ನು ನೆಟ್ಟಿರುತ್ತಾರೆ. ನೀರು ಹಸಿರಿನಲ್ಲಿದ್ದರೆ ಮಾಮೂಲು ಮಟ್ಟ. ಹಳದಿಗೆ ಬಂದಿದ್ದರೆ ಹತ್ತಿರದ ಸುರಕ್ಷಿತ ತಂಗುದಾಣಕ್ಕೆ ಹೋಗಿ ಕಟ್ಟಿಕೊಳ್ಳಬೇಕು. ಕೆಂಪು ಮುಟ್ಟಿದ್ದರೆ ಹೊರಡಲೇಬಾರದು. ಹಳದಿಯಲ್ಲಿ ಇನ್ನೊಂದೆರಡು ಲಾಕ್ ದಾಟಿಬಿಡೋಣ ಎಂಬ ಆಸೆ ಯಾರಿಗಾದರೂ ಹುಟ್ಟುತ್ತದೆ, ಆದರೆ ಮುಂದಿನ ತಂಗುದಾಣ ನದಿಯ ಭಾಗದಲ್ಲಿದೆಯೋ ಕಾಲುವೆಯ ಭಾಗದಲ್ಲಿದೆಯೋ ಎಂಬುದನ್ನು ನಕ್ಷೆಯಲ್ಲಿ ನೋಡದೆ ಹಾಗೆ ಮಾಡಬಾರದು. ನಾವು ಹಳದಿ ಕಂಡದ್ದು ವುಲ್‌ಹ್ಯಾಂಪ್ಟನ್ ಲಾಕಿನಲ್ಲಿ. ಆ ಲಾಕಿನ ಮೇಲ್ಬದಿಯದು ಕಾಲುವೆ. ಕೆಳಗೆ ಇಳಿದ ಕೂಡಲೇ ಕೆನೆಟ್ ಪಕ್ಕದಿಂದ ನುಗ್ಗಿ ಸೇರುತ್ತದೆ, ಅದರ ಮುಂದೆಯೇ ರಸ್ತೆಯ ತಿರುಗುಸೇತುವೆ ಇದೆ. ನೀರು ಜೋರಿದ್ದಾಗ ಲಾಕಿನಿಂದ ಹೊರಬಂದ ದೋಣಿಯನ್ನು ಸೆಳವು ಅಡ್ಡಲಾಗಿ ತಳ್ಳಿ ಸೇತುವೆಗೆ ಒತ್ತಬಹುದು. ಆದ್ದರಿಂದ ಇಳಿಮುಖವಾಗಿ ಹೋಗುವವರು ಸೇತುವೆಯನ್ನು ಮೊದಲು ತೆರೆಸಿ, ಆಮೇಲೆಯೇ ಲಾಕಿನ ಬಾಗಿಲಿನಿಂದ ಹೊರಡಬೇಕು. ಎದುರಿನಿಂದ ಬರುವವರು ಲಾಕನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡು, ಬಳಿಕ ಸೇತುವೆ ತೆರೆಸಿ, ಎಲ್ಲೂ ನಿಲ್ಲದೆ ಒಳಗೆ ಬರಬೇಕು. ಹಿರಿಯರನ್ನು ಕರೆದೊಯ್ದ ನಾವು ಅದನ್ನು ಪ್ರಯತ್ನಿಸದೆ ಮೇಲ್ಬದಿಯಲ್ಲೇ ಕಟ್ಟಿಕೊಂಡೆವು. ಮರುದಿನ ಬೆಳಿಗ್ಗೆ ಹಲಗೆಯಲ್ಲಿ ಕೆಂಪು ಮಾತ್ರ ಕಾಣುತ್ತಿತ್ತು.

ಇಳಿಮುಖದ ಪ್ರಯಾಣವೇ ಸುಲಭವೆಂದು ಹಲವರು ತಿಳಿದಿರುತ್ತಾರೆ. ನ್ಯಾರೋಬೋಟಿನ ಮಟ್ಟಿಗೆ ಅದು ನಿಜವಲ್ಲ. ಏಳು ಅಡಿಗಿಂತ ಕಡಿಮೆ ಅಗಲದ, ಐವತ್ತು ಅರವತ್ತು ಅಡಿ ಉದ್ದದ ಈ ಉಕ್ಕಿನ ದೋಣಿ ಬಹಳ ಭಾರವಾದದ್ದು. ಇದಕ್ಕೆ ಬ್ರೇಕ್ ಇಲ್ಲ, ಹಿಂದಕ್ಕೆ ಚಲಿಸುವಾಗ ಟಿಲ್ಲರ್ (ಚುಕ್ಕಾಣಿಯ ಹಿಡಿ) ಸರಿಯಾಗಿ ಮಾತು ಕೇಳುವುದಿಲ್ಲ. ಹಿಂದಿನಿಂದ ನೀರು ತಳ್ಳುತ್ತಿರುವಾಗ ನಿಲ್ಲಿಸುವುದೂ ಕಷ್ಟ, ತಿರುಗಿಸುವುದು ಇನ್ನೂ ಅಪಾಯ. ಮೇಲಾಗಿ ನೀರು ಏರಿದಷ್ಟೂ ಸೇತುವೆಯ ಕಮಾನಿನಡಿಯ ಎತ್ತರ ಕುಗ್ಗುತ್ತದೆ, ಲಾಕಿನ ಪಕ್ಕದ ಒಡ್ಡುಗಳತ್ತ ಸೆಳೆತ ಹೆಚ್ಚುತ್ತದೆ, ಮುರಿದ ಕೊಂಬೆಗಳು ತೇಲಿ ಬರುತ್ತವೆ.

ಕಟ್ಟಿಕೊಂಡ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ನಿಜವಾದ ಎಚ್ಚರ ಬೇಕಾದದ್ದು ಆಗಲೇ. ಹಗ್ಗವನ್ನು ಬಿಗಿಯಾಗಿ ಕಟ್ಟಿದ್ದರೆ ಏರುವ ನೀರು ದೋಣಿಯನ್ನು ಮೇಲೆತ್ತಲಾಗದೆ ಒಂದು ಬದಿಗೆ ವಾಲಿಸುತ್ತದೆ. ತೀರಾ ಸಡಿಲ ಬಿಟ್ಟರೆ ದೋಣಿ ಮುಳುಗಿದ ದಂಡೆಯ ಮೇಲಕ್ಕೆ ತೇಲಿಹೋಗಿ, ನೀರು ಇಳಿದಾಗ ಅರ್ಧ ನೆಲದ ಮೇಲೆ, ಅರ್ಧ ನೀರಿನ ಮೇಲೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ; ಹಾಗೆ ಸಿಕ್ಕಿಕೊಂಡು ನೀರು ನುಗ್ಗಿ ಮುಳುಗುವ ದೋಣಿಗಳೂ ಇವೆ. ಉದ್ದನೆಯ ಹಗ್ಗಗಳನ್ನು ದೋಣಿಯಿಂದ ಮುಂದಕ್ಕೂ ಹಿಂದಕ್ಕೂ ದೂರದವರೆಗೆ ಎಳೆದು ಕಟ್ಟಿದರೆ ಏರಿಳಿತಕ್ಕೆ ಅವಕಾಶವಿರುತ್ತದೆ. ನೆನೆದ ಮಣ್ಣಿನಲ್ಲಿ ಹೊಡೆದ ಗೂಟಗಳು ಸುಲಭವಾಗಿ ಕಿತ್ತುಬರುತ್ತವೆ, ಆದ್ದರಿಂದ ಹಗ್ಗ ಕಟ್ಟುವ ಗಟ್ಟಿ ಬಳೆಗಳಿರುವ ಅಥವಾ ದಂಡೆಗೆ ಉಕ್ಕಿನ ತಗಡಿನ ಗೋಡೆಯಿರುವ ಜಾಗವನ್ನೇ ಹುಡುಕಬೇಕು. ಪಕ್ಕದ ದೋಣಿಯಲ್ಲಿ ವಾಸವಿದ್ದ ಹಿರಿಯರೊಬ್ಬರು ನಮ್ಮ ಹಗ್ಗಗಳನ್ನು ನೋಡಿ, ರಾತ್ರಿ ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಒಮ್ಮೆ, ಬೆಳಕು ಹರಿಯುವಾಗ ಮತ್ತೊಮ್ಮೆ ಎದ್ದು ನೋಡಬೇಕೆಂದು ಹೇಳಿದರು. ಮಾವನವರು ಆ ಹೊಣೆಯನ್ನು ತಾವೇ ಕೇಳಿ ಪಡೆದರು. ಆದರೆ ಕತ್ತಲಲ್ಲಿ ಜಾರುವ ದಂಡೆಗೆ ಯಾರೂ ಒಂಟಿಯಾಗಿ ಇಳಿಯಬಾರದು, ಜೀವರಕ್ಷಕ ಜಾಕೆಟ್ ಇಲ್ಲದೆ ಡೆಕ್ಕಿಗೆ ಬರಬಾರದು ಎಂಬ ನಿಯಮವನ್ನು ನಾವು ಬಿಡಲಿಲ್ಲ. ಕಿಟಕಿ ಮುಚ್ಚಿ ಒಲೆ ಹಚ್ಚಿಕೊಂಡು ಕೂರುವ ದಿನಗಳಾದ್ದರಿಂದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ದೋಣಿ ಪಡೆಯುವಾಗಲೇ ಒತ್ತಿ ನೋಡಿಕೊಳ್ಳಿ. ಗಾಳಿಕಿಂಡಿಗಳನ್ನು ಚಳಿಯೆಂದು ಬಟ್ಟೆ ತುರುಕಿ ಮುಚ್ಚಬೇಡಿ.

ಹೊರಡುವ ಮುನ್ನ ನೋಡಬೇಕಾದ ಮಾಹಿತಿ ಎರಡು ಕಡೆ ಸಿಗುತ್ತದೆ. 2012ರಿಂದ ಈ ಜಲಮಾರ್ಗಗಳನ್ನು ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್, ಮುಚ್ಚಿದ ಲಾಕ್‌ಗಳ ಮತ್ತು ನೆರೆಯ ಸೂಚನೆಗಳನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ, ಇಮೇಲ್‌ಗೂ ಕಳಿಸುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ದೊಡ್ಡ ರಿಪೇರಿಗಳನ್ನು ಇಟ್ಟುಕೊಳ್ಳುವುದರಿಂದ, ನೆರೆಯಿಲ್ಲದಿದ್ದರೂ ನಿಮ್ಮ ದಾರಿಯ ಲಾಕ್ ಮುಚ್ಚಿರಬಹುದು. ಇನ್ನೊಂದು, ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಸಂಸ್ಥೆಯ ನದಿಮಟ್ಟದ ಪುಟ. ರೆಡಿಂಗ್ ದಾಟಿ ಥೇಮ್ಸ್‌ಗೆ ಇಳಿಯುವ ಆಲೋಚನೆಯಿದ್ದರೆ ಅಲ್ಲಿನ ಲಾಕ್‌ಗಳ ಹಲಗೆಗಳನ್ನು ಹಾಕುವುದೂ ಇದೇ ಸಂಸ್ಥೆ: ಹಳದಿ ಹಲಗೆ ಸೆಳವು ಏರುತ್ತಿದೆ ಅಥವಾ ಇಳಿಯುತ್ತಿದೆ ಎನ್ನುತ್ತದೆ, ಕೆಂಪು ಹಲಗೆಯಿದ್ದಾಗ ಯಾವ ದೋಣಿಯೂ ಹೊರಡಬಾರದೆಂಬುದು ಸಲಹೆ. ಚಳಿಗಾಲದಲ್ಲಿ ಥೇಮ್ಸ್‌ನ ಕೆಂಪು ಹಲಗೆಗಳು ವಾರಗಟ್ಟಲೆ ಉಳಿಯುವುದು ಅಪರೂಪವಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುವುದರಿಂದ ದಿನದ ದೂರವನ್ನೂ ಬೇಸಿಗೆಯ ಅರ್ಧಕ್ಕೆ ಇಳಿಸಿಕೊಳ್ಳಿ.

ಈ ದಾರಿಯ ಒಂದು ದೊಡ್ಡ ಅನುಕೂಲ ರೈಲು. ಥೀಲ್, ಆಲ್ಡರ್‌ಮಾಸ್ಟನ್, ಮಿಡ್ಜಂ, ಥ್ಯಾಚಮ್, ನ್ಯೂಬರಿ, ಕಿಂಟ್‌ಬರಿ, ಹಂಗರ್‌ಫರ್ಡ್ ನಿಲ್ದಾಣಗಳೆಲ್ಲ ಕಾಲುವೆಯ ಹತ್ತಿರವೇ ಇವೆ. ಮಿಡ್ಜಂ ನಿಲ್ದಾಣವಂತೂ ವುಲ್‌ಹ್ಯಾಂಪ್ಟನ್ ಹಳ್ಳಿಯಲ್ಲಿಯೇ ಇದೆ. ಕೆಂಪು ಇಳಿಯುವ ಲಕ್ಷಣ ಕಾಣದಿದ್ದಾಗ ನಾವು ಬಾಡಿಗೆ ಸಂಸ್ಥೆಗೆ ಫೋನ್ ಮಾಡಿ, ಅವರ ಒಪ್ಪಿಗೆಯಂತೆ ದೋಣಿಯನ್ನು ಅಲ್ಲಿಯೇ ಒಪ್ಪಿಸಿ, ರೈಲಿನಲ್ಲಿ ಮನೆಗೆ ಬಂದೆವು. ಅತ್ತೆಯವರ ಔಷಧಿಗಳನ್ನು ಹೆಚ್ಚು ದಿನಕ್ಕಾಗುವಷ್ಟು ತಂದಿದ್ದರಿಂದ ಕಾಯುವುದು ಕಷ್ಟವಾಗಿರಲಿಲ್ಲ. ನೀವೂ ಅಕ್ಕಿ, ಬೇಳೆ, ಕುಡಿಯುವ ನೀರು, ಸೌದೆಯನ್ನು ಅಂದಾಜಿಗಿಂತ ಹೆಚ್ಚೇ ಇಟ್ಟುಕೊಳ್ಳಿ, ರಜೆಯ ಕೊನೆಯ ದಿನದವರೆಗೂ ಪ್ರಯಾಣವನ್ನು ಎಳೆಯಬೇಡಿ.

ಚಳಿಗಾಲದಲ್ಲೇ ಹೋಗಬೇಕೆಂದಿದ್ದರೆ ನನ್ನ ಸಲಹೆ ಇನ್ನೂ ಪಶ್ಚಿಮಕ್ಕೆ ಹೋಗಿ ಎಂಬುದು. ಡಿವೈಜಿಸ್‌ನಿಂದ ವುಟ್ಟನ್ ರಿವರ್ಸ್‌ವರೆಗೆ 15 ಮೈಲಿ ಒಂದೂ ಲಾಕ್ ಇಲ್ಲದ, ತೋಡಿ ಮಾಡಿದ ಕಾಲುವೆ ಇದೆ. ಅಲ್ಲಿ ನದಿಯ ಸೆಳವಿಲ್ಲ. ಮೊದಲ ಸಲ ಟಿಲ್ಲರ್ ಹಿಡಿಯುವವರಿಗೆ, ಮಕ್ಕಳು ಮತ್ತು ಹಿರಿಯರಿರುವ ಕುಟುಂಬಕ್ಕೆ ಅದೇ ಒಳ್ಳೆಯದು. ಹಾಗೆಂದು ಕಾಲುವೆಗಳಿಗೆ ಮಳೆಯ ಭಯವೇ ಇಲ್ಲವೆಂದಲ್ಲ: 2025ರ ಜನವರಿ 1ರಂದು ಭಾರಿ ಮಳೆಗೆ ಚೆಷರ್‌ನ ಬ್ರಿಜ್‌ವಾಟರ್ ಕಾಲುವೆಯ ಏರಿಯೇ ಒಡೆದುಹೋಯಿತು.

ದಾರಿಯುದ್ದಕ್ಕೂ ಕಾಣುವ ಅನೇಕ ದೋಣಿಗಳು ಜನರ ಮನೆಗಳು. ಕಾಯಂ ತಂಗುದಾಣವಿಲ್ಲದವರು 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯಂತೆ ಒಂದೇ ಜಾಗದಲ್ಲಿ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ನೆರೆಯಲ್ಲಿ ಚಲಿಸುವಂತೆಯೂ ಇಲ್ಲ. ಅಂತಹವರಿಗೆ ನೀರು ಏರುವುದೆಂದರೆ ಮನೆಯ ಬುಡವೇ ಅಲುಗಾಡಿದಂತೆ. ಅವರ ಪಕ್ಕದಲ್ಲಿ ಎಂಜಿನ್ ತಗ್ಗಿಸಿ ಹೋಗಿ, ಯಾವುದಾದರೂ ದೋಣಿಯ ಹಗ್ಗ ಬಿಚ್ಚಿಹೋಗಿದ್ದರೆ ನಿಂತು ಕಟ್ಟಿ, ಇಲ್ಲವೇ ಟ್ರಸ್ಟ್‌ಗೆ ಫೋನ್ ಮಾಡಿ.

ಕೊನೆಯದಾಗಿ ಬಾಡಿಗೆಯ ಕರಾರು. ಹಣ ಕಟ್ಟುವ ಮುನ್ನವೇ ಇಷ್ಟನ್ನು ಬರಹದಲ್ಲಿ ಕೇಳಿ ಪಡೆಯಿರಿ: ಕೆಂಪು ಮಟ್ಟದಿಂದ ದೋಣಿ ನಿಂತರೆ ಹೆಚ್ಚಿನ ದಿನಗಳ ಬಾಡಿಗೆ ಯಾರದು, ದೋಣಿಯನ್ನು ದಾರಿಯಲ್ಲೇ ಒಪ್ಪಿಸಬಹುದೇ, ನದಿಭಾಗಕ್ಕೆ ಬೇಕಾದ ಲಂಗರು ದೋಣಿಯಲ್ಲಿದೆಯೇ, ಹಳದಿ ಮಟ್ಟದಲ್ಲಿ ಚಲಿಸಿದರೆ ವಿಮೆ ಅನ್ವಯಿಸುತ್ತದೆಯೇ, ರಾತ್ರಿಯ ಹೊತ್ತು ಯಾವ ನಂಬರಿಗೆ ಕರೆ ಮಾಡಬೇಕು.