ಒರ್ಲಾಂಡೊಗೆ ಹೋದವರು 192ರ ದಾರಿಗೂ ಒಂದು ದಿನ ಇಟ್ಟುಕೊಳ್ಳಿ

ಅಮೆರಿಕದ ಫ್ಲೋರಿಡಾ ರಾಜ್ಯದ ಒರ್ಲಾಂಡೊಗೆ ಬರುವ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ: ಡಿಸ್ನಿ, ಯೂನಿವರ್ಸಲ್, ಒಂದು ದಿನ ಕೆನಡಿ ಬಾಹ್ಯಾಕಾಶ ಕೇಂದ್ರ. ಆ ಒಂದು ದಿನ ಎಲ್ಲರೂ 528ರ ಟೋಲ್ ರಸ್ತೆ ಹಿಡಿದು ಸರ್ರನೆ ಕರಾವಳಿ ಮುಟ್ಟುತ್ತಾರೆ. ನಡುವೆ ಎರಡೂ ಬದಿಗೆ ಮುಗಿಯದಂತೆ ಸಾಗುವ ಬಯಲು ಯಾರದೆಂದು ಕೇಳುವವರು ಕಡಿಮೆ. ಅದರಲ್ಲಿ ದೊಡ್ಡ ಭಾಗ ಒಂದು ಚರ್ಚಿನ ದನದ ರ‍್ಯಾಂಚ್. ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿ ಇರುವ, ಮಾರ್ಮನ್ನರೆಂದು ಜನ ಕರೆಯುವ ಲೇಟರ್ ಡೇ ಸೇಂಟ್ಸ್ ಚರ್ಚು 1950ರಲ್ಲಿ ಇಲ್ಲಿ ಭೂಮಿ ಕೊಳ್ಳಲು ಶುರುಮಾಡಿತು. ಈಗ ಡೆಸೆರೆಟ್ ಎಂಬ ಈ ರ‍್ಯಾಂಚ್ ಆಸಿಯೋಲಾ, ಆರೆಂಜ್, ಬ್ರೆವಾರ್ಡ್ ಎಂಬ ಮೂರು ಕೌಂಟಿಗಳಲ್ಲಿ ಸುಮಾರು 3 ಲಕ್ಷ ಎಕರೆ ಹರಡಿದೆ. ಬೆಂಗಳೂರು ಮಹಾನಗರದ ಒಂದೂವರೆ ಪಟ್ಟು ಜಾಗ, ಅದರಲ್ಲಿ ಸುಮಾರು 40 ಸಾವಿರ ತಾಯಿ ಹಸುಗಳು.

ಮೊದಲು ತಿಳಿದಿರಬೇಕಾದದ್ದು: ಇದು ಖಾಸಗಿ ಜಮೀನು, ಪ್ರವಾಸಿಗರಿಗೆ ತೆರೆದಿಲ್ಲ. ಗೇಟಿನ ಬಳಿ ಹೋಗಿ ವಿನಂತಿಸುವುದು, ಬೇಲಿ ದಾಟಿ ಫೋಟೊ ತೆಗೆಯುವುದು ಬೇಡವೇ ಬೇಡ. ಒಳಗೆ ಹೋಗಬೇಕಾಗಿಯೂ ಇಲ್ಲ. ಸಾರ್ವಜನಿಕ ರಸ್ತೆಗಳೇ ಈ ಬಯಲಿನ ನಡುವೆ ಹಾಯುತ್ತವೆ. ಸರಿಯಾದ ರಸ್ತೆ ಹಿಡಿದರೆ ಸಾಕು.

ಆ ರಸ್ತೆ ಯುಎಸ್ 192 ಹೆದ್ದಾರಿ. ಕಿಸಿಮ್ಮಿಯಲ್ಲಿ ಹೋಟೆಲು, ಉಡುಗೊರೆ ಅಂಗಡಿಗಳಿಂದ ಗಿಜಿಗುಡುವ ಇದೇ ರಸ್ತೆ ಸೇಂಟ್ ಕ್ಲೌಡ್ ದಾಟಿದ ಮೇಲೆ ಬೇರೆಯದೇ ಆಗುತ್ತದೆ. ಅಲ್ಲಿಂದ ಕರಾವಳಿಯ ಮೆಲ್ಬರ್ನ್‌ಗೆ ಸುಮಾರು 45 ಮೈಲಿ. ಪೆಟ್ರೋಲು, ನೀರು, ಬಾತ್‌ರೂಮ್ ಎಲ್ಲವನ್ನೂ ಸೇಂಟ್ ಕ್ಲೌಡ್‌ನಲ್ಲೇ ಮುಗಿಸಿಕೊಳ್ಳಿ. ಹೋಲೋಪಾ ಕೂಡುರಸ್ತೆಯಾದ ಮೇಲೆ ಅಂಗಡಿ ಮುಂಗಟ್ಟು ಬಹಳ ಅಪರೂಪ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೊರಡುವುದು ಒಳ್ಳೆಯದು. ನಾವು ಒಯ್ದಿದ್ದ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಮಧ್ಯಾಹ್ನಕ್ಕೆ ಸರಿಹೋಯಿತು. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ.

ಹೋಲೋಪಾದಿಂದ ಡೀರ್ ಪಾರ್ಕ್ ಎಂಬ ಊರಿನ ಕಡೆಗೆ ಸಾಗುವಾಗ ವೇಗ ತಗ್ಗಿಸಿ ಬಲಗಡೆಯ ಲೇನಿನಲ್ಲೇ ಹೋಗಿ. ಬಹಿಯಾ ಹುಲ್ಲಿನ ಗೋಮಾಳ, ನಡುನಡುವೆ ಗುಂಪುಗುಂಪಾಗಿ ನಿಂತ ಸಾಬಲ್ ತಾಳೆ, ಸಾಲು ಕಾಲುವೆಗಳು. ದನಗಳ ಕಾಲ ಬಳಿ ನಮ್ಮೂರಿನಂತೆಯೇ ಬೆಳ್ಳಕ್ಕಿಗಳು.

ಮುಧೋಳದ ಕಡೆ ಜೀವನವಿಡೀ ಒಕ್ಕಲುತನ ಮಾಡಿದ ಅಪ್ಪ ಈ ಪ್ರವಾಸದಲ್ಲಿ ಜೊತೆಗಿದ್ದರು. ಥೀಮ್ ಪಾರ್ಕಿನ ಸರತಿಯಲ್ಲಿ ಸುಮ್ಮನಿದ್ದವರು ಇಲ್ಲಿ ಗಾಜು ಇಳಿಸಿ, "ಈ ಇಣಿ, ಈ ಗಂಗೆದೊಗಲು ನಮ್ಮ ಕಡೀದ ಅಲ್ಲೇನು? ಇಲ್ಲಿಗೆ ಹ್ಯಾಂಗ ಬಂತು?" ಎಂದರು. ಬೆನ್ನಿನ ಡುಬ್ಬ, ಕೊರಳಿನ ಜೋಲುತೊಗಲು ನೋಡಿ ಅವರು ಗುರುತಿಸಿದ್ದು ನಿಜ. ಫ್ಲೋರಿಡಾದ ಸೆಕೆ, ಉಣ್ಣೆಹುಳುಗಳ ಕಾಟವನ್ನು ಯುರೋಪಿನ ತಳಿಗಳು ತಾಳುವುದಿಲ್ಲ. ಹಾಗಾಗಿ ಇಲ್ಲಿನ ದನಗಳಲ್ಲಿ ಬ್ರಾಹ್ಮನ್ ತಳಿಯ ರಕ್ತ ಬೆರೆತಿರುತ್ತದೆ. 19ನೇ ಶತಮಾನದ ನಡುವಿನಿಂದ 1920ರ ದಶಕದವರೆಗೆ ಅಮೆರಿಕಕ್ಕೆ ತಂದ ಕೆಲವೇ ನೂರು ಭಾರತೀಯ ರಾಸುಗಳಿಂದ ಬೆಳೆಸಿದ ತಳಿ ಅದು. ಅದರ ಮೂಲದಲ್ಲಿ ಗಿರ್, ಕಾಂಕ್ರೇಜ್, ಓಂಗೋಲುಗಳ ಜೊತೆ ನಮ್ಮ ಕೃಷ್ಣಾ ಕಣಿವೆಯ ತಳಿಯೂ ಇದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಎರೆಹೊಲಗಳನ್ನು ಉತ್ತ ಆ ತಳಿ ಇಂದು ನಮ್ಮಲ್ಲೇ ಅಪರೂಪವಾಗಿದೆ. ಇದನ್ನು ಕೇಳಿದ ಮೇಲೆ ಅಪ್ಪ ಪ್ರತಿ ಹಿಂಡನ್ನೂ ಕತ್ತು ಹೊರಳಿಸಿ ನೋಡಿದರು. ಊರಿನಿಂದ ಬಂದ ಹಿರಿಯರಿದ್ದರೆ ಈ ದಾರಿಯಲ್ಲಿ ಅವರನ್ನು ಖಂಡಿತ ಕರೆದೊಯ್ಯಿರಿ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಇದು ಹಾಲಿನ ಡೇರಿಯಲ್ಲ, ಮಾಂಸದ ಉದ್ಯಮ. ಕರುಗಳು ತಾಯಿಯ ಹಾಲು ಬಿಟ್ಟ ಮೇಲೆ ಲಾರಿಗಳಲ್ಲಿ ದೂರದ ರಾಜ್ಯಗಳಿಗೆ, ಮೇವು ತಿನ್ನಿಸಿ ಕೊಬ್ಬಿಸುವ ಕಡೆಗೆ ಹೋಗುತ್ತವೆ. ಮನೆಯವರ ಮನಸ್ಸಿಗೆ ಇದು ಕಷ್ಟವಾಗುವಂತಿದ್ದರೆ ಹೊರಡುವ ಮೊದಲೇ ತಿಳಿಸಿಬಿಡಿ. ನನಗೂ ಕಷ್ಟವಾಯಿತು. ಆದರೂ ಇಷ್ಟು ದೊಡ್ಡ ಬಯಲು ಕಾಂಕ್ರೀಟಾಗದೆ ಉಳಿದಿರುವುದು ದನಗಳಿಂದಲೇ ಎಂಬುದೂ ಅಷ್ಟೇ ನಿಜ.

ನಡೆದಾಡಬೇಕೆನ್ನುವವರು ಪಕ್ಕದ ಸರ್ಕಾರಿ ವನ್ಯಜೀವಿ ಪ್ರದೇಶಗಳಿಗೆ ಹೋಗಬಹುದು. ಹೋಲೋಪಾ ಬಳಿ ಟ್ರಿಪಲ್ ಎನ್ ಇದೆ. 441ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಕೆನಾನ್ಸ್‌ವಿಲ್ ಕಡೆ ಹೋದರೆ ಥ್ರೀ ಲೇಕ್ಸ್. ನನ್ನ ಮತ ಥ್ರೀ ಲೇಕ್ಸ್‌ಗೆ. ನಮ್ಮ ಸಾರಸದ ಬಳಗದ ಸ್ಯಾಂಡ್‌ಹಿಲ್ ಕ್ರೇನ್‌ಗಳು ಜೋಡಿಜೋಡಿಯಾಗಿ ಮೇಯುತ್ತಿರುತ್ತವೆ. ಬೇಲಿಗಂಬಗಳ ಮೇಲೆ ಕಣ್ಣಿಡಿ, ಕೆಂಪು ಮುಖದ ಕ್ಯಾರಕಾರಾ ಎಂಬ ಬೇಟೆಹಕ್ಕಿ ಕೂತಿರಬಹುದು. ಹೊರಡುವ ಮೊದಲು ಬೇಟೆಯ ದಿನಾಂಕಗಳನ್ನು ತಪ್ಪದೆ ನೋಡಿ. ಆ ದಿನಗಳಲ್ಲಿ ಹೋಗುವುದು ಬೇಡ. ನೀರಿನ ಅಂಚಿನಲ್ಲಿ ಮೊಸಳೆಜಾತಿಯ ಆಲಿಗೇಟರ್, ಹುಲ್ಲಿನಲ್ಲಿ ಬೆಂಕಿ ಇರುವೆ. ಮಕ್ಕಳಿಗೆ ಚಪ್ಪಲಿ ಬದಲು ಶೂ ಹಾಕಿಸಿ.

ದನಗಾಹಿಗಳ ಬದುಕನ್ನು ಹತ್ತಿರದಿಂದ ನೋಡಲು ಲೇಕ್ ಕಿಸಿಮ್ಮಿ ಸ್ಟೇಟ್ ಪಾರ್ಕ್ ಇದೆ. ಅಲ್ಲಿ 1876ರ ಕಾಲದ ದನಗಾಹಿಗಳ ಬಿಡಾರವನ್ನು ಮರುಸೃಷ್ಟಿಸಿದ್ದಾರೆ. ಚಳಿಗಾಲದ ವಾರಾಂತ್ಯಗಳಲ್ಲಿ ಆ ವೇಷದವರೇ ಮಾತನಾಡಿಸುತ್ತಾರೆ. ಅದು ಬೇರೆ ದಿಕ್ಕು, ಅದೇ ದಿನಕ್ಕೆ ಸೇರಿಸಬೇಡಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗುಮಳೆ, ಸೊಳ್ಳೆ. ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಲವ್‌ಬಗ್ ಹುಳುಗಳು ಕಾರಿನ ಗಾಜಿಗೆ ಅಂಟಿಕೊಂಡು ದಾರಿಯೇ ಕಾಣದಂತೆ ಮಾಡುತ್ತವೆ.

ಮುಂದೂಡುವುದು ಮಾತ್ರ ಬೇಡ. ಈ ರ‍್ಯಾಂಚಿನ ಉತ್ತರ ಭಾಗದ ಸುಮಾರು 1 ಲಕ್ಷ 33 ಸಾವಿರ ಎಕರೆಯಲ್ಲಿ 2080ರ ಹೊತ್ತಿಗೆ 5 ಲಕ್ಷ ಜನ ನೆಲೆಸಬಹುದಾದ ಯೋಜನೆಗೆ ಆಸಿಯೋಲಾ ಕೌಂಟಿ 2015ರಲ್ಲೇ ಒಪ್ಪಿಗೆ ಕೊಟ್ಟಿದೆ. ಒಂದಷ್ಟು ಭಾಗವನ್ನು ಹಾಗೆಯೇ ಉಳಿಸುವ ಮಾತೂ ಅದರಲ್ಲಿದೆ. ಸೇಂಟ್ ಕ್ಲೌಡ್‌ನ ಅಂಚಿನಲ್ಲಂತೂ ಹೊಸ ಬಡಾವಣೆಗಳು ಈಗಲೇ ಕಾಣುತ್ತವೆ.

ಹೋದ ದಾರಿಯಲ್ಲೇ ವಾಪಸಾಗಬೇಡಿ. ಮೆಲ್ಬರ್ನ್‌ನಿಂದ ಐ-95 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ, 520ರ ರಸ್ತೆಯಲ್ಲಿ ಪಶ್ಚಿಮಕ್ಕೆ ತಿರುಗಿ, ನೋವಾ ರಸ್ತೆ ಹಿಡಿದರೆ ಮತ್ತೆ ಸೇಂಟ್ ಕ್ಲೌಡ್. ಇದು ಎರಡೇ ಲೇನಿನ ರಸ್ತೆ, ಕತ್ತಲಾದರೆ ಜಿಂಕೆ, ಕಾಡುಹಂದಿ ಅಡ್ಡ ಬರುತ್ತವೆ. ಕರಾವಳಿಯನ್ನು ನಾಲ್ಕು ಗಂಟೆಯ ಒಳಗೇ ಬಿಡಿ.