ನಾಲ್ಕನೇ ಸಲಕ್ಕೆ

ವಿಂಬಲ್ಡನ್ ಟೆನಿಸ್ ಅಂದ ಕೂಡಲೇ ಎಲ್ಲರಿಗೂ 2008ರ ಫೆಡರರ್, ನಡಾಲ್ ನೆನಪಾಗುತ್ತಾರೆ. ನನಗೆ ಮಾತ್ರ 2001ರ ಗೊರಾನ್ ಇವಾನಿಸೆವಿಚ್.

ಆಗ ನಾನು ಪಿಯುಸಿ, ಸಾಗರದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೆ. ಹೊರಗೆ ಜಡಿಮಳೆ. ಯಾವ ಗಳಿಗೆಯಲ್ಲಿ ಕರೆಂಟ್ ಹೋಗುತ್ತದೋ ಅಂತ ಜೀವ ಕೈಯಲ್ಲಿ ಹಿಡಿದು ಟಿವಿ ಮುಂದೆ ಕೂತಿದ್ದೆ. ಜುಲೈ 9, ಸೋಮವಾರ. ಭಾನುವಾರದ ಫೈನಲ್ ಸೋಮವಾರಕ್ಕೆ ಹೋಗಿದ್ದೂ ಮಳೆಯಿಂದಲೇ. ಗೊರಾನ್ ಮತ್ತು ಟಿಮ್ ಹೆನ್ಮನ್ ಸೆಮಿಫೈನಲ್ ಶುಕ್ರವಾರ ಶುರುವಾಗಿ ಭಾನುವಾರ ಮುಗಿದಿತ್ತು. ಹೆನ್ಮನ್ ಮೂರನೇ ಸೆಟ್ಟನ್ನು 6-0 ಅಂತ ಬಾಚಿಕೊಂಡಿದ್ದ. ಆ ಮಳೆ ಬಾರದಿದ್ದರೆ ಗೊರಾನ್ ಅಲ್ಲೇ ಸೋಲುತ್ತಿದ್ದ, ಇದು ನನ್ನ ಗಟ್ಟಿ ನಂಬಿಕೆ.

1992, 1994, 1998. ಅದಕ್ಕೂ ಮೊದಲು ವಿಂಬಲ್ಡನ್‌ನಲ್ಲಿ ಗೊರಾನ್ ಆಡಿದ ಮೂರು ಫೈನಲ್, ಮೂರೂ ಸೋಲು. 2001ಕ್ಕೆ ಭುಜ ನೋವು, ರ‍್ಯಾಂಕಿಂಗ್ 125. ಆಯೋಜಕರು ವೈಲ್ಡ್ ಕಾರ್ಡ್, ಅಂದರೆ ವಿಶೇಷ ಪ್ರವೇಶ, ಕೊಟ್ಟಿದ್ದಕ್ಕೆ ಮಾತ್ರ ಒಳಗೆ ಬಂದಿದ್ದ.

ಎದುರಿಗೆ ಪ್ಯಾಟ್ ರಾಫ್ಟರ್. ಸರ್ವ್ ಮಾಡುವಾಗ ಚೆಂಡು ಸರಿಯಾಗಿ ಮೇಲೆ ಹೋಗದಿದ್ದರೆ ಹಿಡಿದುಕೊಂಡು "ಸಾರಿ ಮೇಟ್" ಅನ್ನುವಂಥ ಮನುಷ್ಯ. ಅವನ ವಿರುದ್ಧ ಕೂಗೋಕೂ ಮನಸ್ಸು ಬರುತ್ತಿರಲಿಲ್ಲ.

ಐದನೇ ಸೆಟ್. 8-7, ಗೊರಾನ್ ಸರ್ವ್, ಮ್ಯಾಚ್ ಪಾಯಿಂಟ್: ಇದೊಂದು ಬಂದರೆ ಪಂದ್ಯ ಅವನದು. ಪಾಯಿಂಟ್ ಗೆದ್ದ ಚೆಂಡನ್ನೇ ವಾಪಸ್ ಕೇಳಿ ಇಸಿದುಕೊಳ್ಳುತ್ತಿದ್ದ, ಅದಕ್ಕೆ ಮುತ್ತು ಕೊಡುತ್ತಿದ್ದ. ಆಕಾಶ ನೋಡಿದ. ಡಬಲ್ ಫಾಲ್ಟ್, ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋಯಿತು. ಎರಡನೇ ಮ್ಯಾಚ್ ಪಾಯಿಂಟ್, ಮತ್ತೆ ಡಬಲ್ ಫಾಲ್ಟ್! ಟೂರ್ನಿ ಪೂರ್ತಿ ಏಸ್ (ಎದುರಾಳಿಗೆ ಮುಟ್ಟಲೂ ಆಗದ ಸರ್ವ್) ಸುರಿಸಿದ ಆ ಎಡಗೈಗೆ ಚೆಂಡನ್ನು ಸುಮ್ನೆ ಒಂದು ಚೌಕದೊಳಗೆ ಹಾಕೋಕೆ ಆಗುತ್ತಿಲ್ಲ. ಮೂರನೆಯದರಲ್ಲಿ ರಾಫ್ಟರ್ ಅವನ ತಲೆ ಮೇಲಿಂದ ಲಾಬ್ ಎತ್ತಿದ, ಅದೂ ಹೋಯಿತು.

ಅಷ್ಟರಲ್ಲಿ ದೊಡ್ಡಮ್ಮನೂ ಬಂದು ನಿಂತಿದ್ದರು. ಟೆನಿಸ್ ಗೊತ್ತಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತದಲ್ವಾ? "ಪಾಪ, ಕೊಟ್ಟುಬಿಡಪ್ಪ ಅವನಿಗೆ" ಅಂದರು, ದೇವರಿಗೆ.

ನಾಲ್ಕನೇ ಸಲ. ಎರಡನೇ ಸರ್ವ್, ಮೆಲ್ಲಗೆ. ರಾಫ್ಟರ್ ಹೊಡೆದದ್ದು ನೆಟ್‌ಗೆ. ಗೊರಾನ್ ಹುಲ್ಲಿನ ಮೇಲೆ ಬೋರಲು ಬಿದ್ದ. ಆಮೇಲೆ ಜನರ ನಡುವೆ ಹತ್ತಿಹೋಗಿ ಅಪ್ಪನನ್ನು ತಬ್ಬಿಕೊಂಡ. ನನಗೆ ಅಳು ತಡೆಯಲಿಲ್ಲ. 6-3, 3-6, 6-3, 2-6, 9-7. ಈ ಸ್ಕೋರ್ ಇವತ್ತಿಗೂ ಬಾಯಿಪಾಠ.

"ಆ ಇನ್ನೊಬ್ಬ ಹುಡುಗನಿಗೆ ಏನು ಕೊಡ್ತಾರೆ?" ದೊಡ್ಡಮ್ಮ ಕೇಳಿದರು.

"ಬೆಳ್ಳಿ ತಟ್ಟೆ. ಹೋದ ವರ್ಷವೂ ಅವನಿಗೆ ಅದೇ ಸಿಕ್ಕಿತ್ತು."

ಅವರು ಏನೂ ಅನ್ನಲಿಲ್ಲ. ರಾಫ್ಟರ್ ಕೋರ್ಟ್ ಬಿಟ್ಟು ಒಳಗೆ ಹೋಗುವವರೆಗೂ ಅಲ್ಲೇ ನಿಂತು ನೋಡಿದರು.