ಒಂದು ಸಂದೇಶಕ್ಕೆ ಮೂರು ಸೆಕೆಂಡು

ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್. ಅಲ್ಲಿನ ಹ್ಯಾಮ್ ರೇಡಿಯೋ (ಹವ್ಯಾಸಿಗಳ ವೈರ್‌ಲೆಸ್) ಸ್ಟೇಷನ್ ಕೂಡ ನನ್ನ ತಲೆಗೇ ಬಿದ್ದಿದೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಬಂದ್ ಆಗಿತ್ತಲ್ಲ, ಅಂಥ ದಿನ ಮೊಬೈಲ್ ಕೂಡ ಸತ್ತರೆ ಏನು ಮಾಡುವುದು? ಅದಕ್ಕೇ ಮಳೆಗಾಲಕ್ಕೆ ಮುಂಚೆ, ಲೈಸೆನ್ಸ್ ಇರುವ ಹುಡುಗರನ್ನು ಕಟ್ಟಿಕೊಂಡು ಒಂದು ಅಣಕು ಕಾರ್ಯಾಚರಣೆ ಮಾಡಿದೆವು.

ಹಾಸನ, ಬೇಲೂರು, ಅರೇಹಳ್ಳಿ, ಸಕಲೇಶಪುರ, ಮೂಡಿಗೆರೆ, ಆಲ್ದೂರು ಸೇರಿ ಆರು ಸ್ಟೇಷನ್. ಮುಳ್ಳಯ್ಯನಗಿರಿ ಕಡೆಯ ಒಂದು ಗುಡ್ಡದ ಮೇಲೆ ಡಿಜಿಪೀಟರ್. ಕೇಳಿದ ಪ್ಯಾಕೆಟ್ಟನ್ನು (ಸಂದೇಶದ ಕಟ್ಟನ್ನು) ಅದೇ ಫ್ರೀಕ್ವೆನ್ಸಿಯಲ್ಲಿ ಇನ್ನೊಂದು ಸಲ ಕೂಗುವುದು ಅದರ ಕೆಲಸ. ಎಪಿಆರ್‌ಎಸ್ ಅನ್ನುವ ಪದ್ಧತಿಯಲ್ಲಿ ರೇಡಿಯೋ ಮೂಲಕ ಹೋಗುವ ಚಿಕ್ಕ ಅಕ್ಷರ ಸಂದೇಶ, ವೇಗ 1200 ಬಾಡ್. ಅರ್ಧ ಗಂಟೆಯಲ್ಲಿ ಎಲ್ಲ ಕಟ್ಟಿಕೊಂಡಿತು. ಯಾರ ಸಂದೇಶವೂ ಯಾರಿಗೂ ಹೋಗಲಿಲ್ಲ. ನಾನು ಆಂಟೆನಾವನ್ನು ಬೈದೆ.

ಸಂಜೆ ಟೀ ಕುಡಿಯುತ್ತಾ ಲೆಕ್ಕ ಹಾಕಿದಾಗ ಮುಖ ಸಣ್ಣದಾಯಿತು. 1200 ಬಾಡ್ ಅಂದರೆ ಸೆಕೆಂಡಿಗೆ 150 ಬೈಟ್. ಟ್ರಾನ್ಸ್‌ಮೀಟರ್ ಏಳುವುದಕ್ಕೆ 300 ಮಿಲಿಸೆಕೆಂಡು, ಮೇಲೆ ಕಾಲ್‌ಸೈನ್ (ಪ್ರತಿ ಸ್ಟೇಷನ್ನಿನ ಗುರುತಿನ ಹೆಸರು) ವಿಳಾಸಗಳ ಭಾರ. ಸಂದೇಶ ಒಮ್ಮೆ, ಗುಡ್ಡದಿಂದ ಇನ್ನೊಮ್ಮೆ. 'ಸಿಕ್ಕಿತು' ಅನ್ನುವ ಅಕ್ ಒಮ್ಮೆ, ಅದೂ ಗುಡ್ಡದಿಂದ ಇನ್ನೊಮ್ಮೆ. ಒಂದು ಸಂದೇಶಕ್ಕೆ ಮೂರು ಸೆಕೆಂಡು ಎಲ್ಲರ ಗಾಳಿ ಖರ್ಚು, ಯಾಕೆಂದರೆ ಫ್ರೀಕ್ವೆನ್ಸಿ ಎಲ್ಲರಿಗೂ ಒಂದೇ.

ಇದರ ಮೇಲೆ ನಾನೇ ಒಂದು ಘನಕಾರ್ಯ ಮಾಡಿದ್ದೆ. 'ನಾನು ಇಲ್ಲಿದ್ದೇನೆ' ಎಂದು ಪ್ರತಿ ಸ್ಟೇಷನ್ 30 ಸೆಕೆಂಡಿಗೊಮ್ಮೆ ಕೂಗುವಂತೆ ಇಟ್ಟಿದ್ದೆ. ಆರು ಸ್ಟೇಷನ್, ಎರಡೆರಡು ಸಲ, ಸಲಕ್ಕೆ ಸುಮಾರು 0.8 ಸೆಕೆಂಡು: 30ರಲ್ಲಿ ಹತ್ತು ಸೆಕೆಂಡು ಇದಕ್ಕೇ ಹೋಯಿತು. ಆರೂ ಕಡೆಯ ಹುಡುಗರು ಕುರ್ಚಿ ಬಿಟ್ಟು ಎದ್ದಿರಲೂ ಇಲ್ಲ!

ಇನ್ನೊಂದು ಪೆಟ್ಟು ನಮ್ಮ ನೆಲದ್ದು. ಸಕಲೇಶಪುರದ ತಗ್ಗಿಗೆ ಮೂಡಿಗೆರೆ ಕೇಳುವುದಿಲ್ಲ, ಗುಡ್ಡಕ್ಕೆ ಇಬ್ಬರೂ ಕೇಳುತ್ತಾರೆ. ಚಾನೆಲ್ ಖಾಲಿ ಅಂದುಕೊಂಡು ಇಬ್ಬರೂ ಒಟ್ಟಿಗೆ ಕಳಿಸುತ್ತಾರೆ, ಗುಡ್ಡದ ಮೇಲೆ ಎರಡೂ ಡಿಕ್ಕಿ. ಅಕ್ ಬರಲಿಲ್ಲ ಅಂತ ಸಾಫ್ಟ್‌ವೇರ್ ಮತ್ತೆ ಕಳಿಸುತ್ತದೆ, ಮತ್ತೆ ಡಿಕ್ಕಿ. ಹವಾಯಿಯಲ್ಲಿ 1971ರಲ್ಲಿ ಶುರುವಾದ ಅಲೋಹಾನೆಟ್ ಎಂಬ ರೇಡಿಯೋ ಕಂಪ್ಯೂಟರ್ ಜಾಲದ ಕಾಲದ ಲೆಕ್ಕವೇ ಇದೆ: ಒಬ್ಬರಿಗೊಬ್ಬರು ಕಿವಿಗೊಡದೆ ಮನಸ್ಸಿಗೆ ಬಂದಾಗ ಕಳಿಸಿದರೆ, ಚಾನೆಲ್‌ನಲ್ಲಿ ಕೆಲಸಕ್ಕೆ ಬರುವುದು ಹೆಚ್ಚೆಂದರೆ ಶೇ 18. ಪುಸ್ತಕದಲ್ಲಿ ಓದಿದ್ದೆ. ಪರೀಕ್ಷೆಗೆ ಮಾತ್ರ.

ಎರಡನೇ ಸಲ ಅಣಕು ಮಾಡಿದಾಗ 'ನಾನು ಇಲ್ಲಿದ್ದೇನೆ' ಎಂದು ಕೂಗುವುದನ್ನು ಅರ್ಧ ಗಂಟೆಗೊಮ್ಮೆ ಮಾಡಿದೆ. ತಾನಾಗಿ ಮತ್ತೆ ಕಳಿಸುವುದನ್ನು ಬಂದ್ ಮಾಡಿದೆ. ಹಾಸನ ಒಬ್ಬೊಬ್ಬರನ್ನೇ ಸರದಿಯಲ್ಲಿ ಕರೆಯುತ್ತದೆ, ಕರೆದವರು ಮಾತ್ರ ಕಳಿಸುತ್ತಾರೆ. ಜೀವಕ್ಕೆ ಸಂಬಂಧಪಟ್ಟ ಮಾತಿದ್ದರೆ ಮಾತ್ರ ಸರದಿ ಮುರಿಯಬಹುದು. ಹುಡುಗರಿಗೆ ಕಾಯುವುದು ಬೇಜಾರು. "ಸರ್, ಸುಮ್ನೆ ಕೂತಿದ್ದೀವಿ" ಅಂತ ಒಬ್ಬ ಗೊಣಗಿದ. ಆದರೆ ಸಂದೇಶ ಹೋದವು.

ಕನ್ನಡದ ತಕರಾರು ಮಾತ್ರ ಉಳಿದಿದೆ. ಒಂದು ಎಪಿಆರ್‌ಎಸ್ ಸಂದೇಶಕ್ಕೆ 67 ಅಕ್ಷರದ ಮಿತಿ, ಅದೂ ಇಂಗ್ಲಿಷ್ ಅಕ್ಷರದ ಲೆಕ್ಕ. 'ಸಕಲೇಶಪುರ' ಎಂದು ಕನ್ನಡದಲ್ಲಿ ಬರೆದರೆ 24 ಬೈಟ್, ಇಂಗ್ಲಿಷ್ ಅಕ್ಷರದಲ್ಲಿ 10. ಇಂಗ್ಲಿಷಿನಲ್ಲೇ ಬರೆಯಿರಿ ಅನ್ನಲು ನನಗೆ ಮನಸ್ಸಿರಲಿಲ್ಲ. ಕೊನೆಗೆ ಹುಡುಗಿಯರೇ ಒಂದು ಪಟ್ಟಿ ಮಾಡಿದರು, ಪ್ರತಿ ವಾಕ್ಯಕ್ಕೂ ಒಂದು ನಂಬರ್. ಪಟ್ಟಿ ಕನ್ನಡದಲ್ಲೇ ಇದೆ, ಗಾಳಿಯಲ್ಲಿ ಹೋಗುವುದು ಬರೀ ಅಂಕಿ. 7 ಅಂದರೆ 'ರಸ್ತೆ ಬಂದ್', 14 ಅಂದರೆ 'ಬ್ಯಾಟರಿ ಮುಗೀತಾ ಇದೆ'. ಆ ದಿನ 14 ಮೊದಲು ಹೋಗಿದ್ದು ಹಾಸನದಿಂದ, ಅಂದರೆ ನನ್ನಿಂದಲೇ.